ಮೊಜಾರ್ಟ್‌ನ ‘ಆವೆ ವೆರುಮ್ ಕೊರ್ಪುಸ್’: ವೇಗ, ಕೀ ಮತ್ತು ಭಾವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚರ್ಚ್ ಕ್ವಾಯರ್‌ಗೆ ಹೊಸದಾಗಿ ಸೇರಿದವರ ಕೈಗೆ ಬೇಗ ಸಿಗುವ ಹಾಡುಗಳಲ್ಲಿ ಇದೂ ಒಂದು. ಎರಡು ಪುಟ, ಮೂರು ನಿಮಿಷ, ಕಷ್ಟದ ಸ್ವರ ಒಂದೂ ಇಲ್ಲ. ಆದರೂ ಚೆನ್ನಾಗಿ ಹಾಡಿದ್ದನ್ನು ಕೇಳುವುದು ಅಪರೂಪ. ನಾನು ಎಷ್ಟೋ ವರ್ಷಗಳಿಂದ ಇದರಲ್ಲಿ ಆಲ್ಟೊ, ಅಂದರೆ ಹೆಂಗಸರ ಕೆಳದನಿಯ ಸಾಲು ಹಾಡುತ್ತಾ ಬಂದಿದ್ದೇನೆ. ಅಭ್ಯಾಸದ ದಿನಗಳಲ್ಲಿ ಹೊಸಬರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಶಾಸ್ತ್ರೀಯ ಸಂಗೀತ ಕಲಿತು ಕ್ವಾಯರ್‌ಗೆ ಬಂದವರೂ ಜಾಸ್ತಿ ಇರುವುದರಿಂದ, ಅಲ್ಲಲ್ಲಿ ನಮ್ಮ ಸ್ವರಗಳ ಹೆಸರಲ್ಲೂ ಹೇಳಿದ್ದೇನೆ.

ಇದನ್ನು ಯಾವಾಗ, ಯಾರಿಗಾಗಿ ಬರೆದದ್ದು?

1791ರ ಜೂನ್ 17. ವಿಯೆನ್ನಾದ ದಕ್ಷಿಣಕ್ಕೆ ಬಾಡೆನ್ ಅಂತ ಒಂದು ಸಣ್ಣ ಊರಿದೆ. ಗಂಧಕದ ಬಿಸಿನೀರಿನ ಬುಗ್ಗೆಗಳಿಗೆ ಹೆಸರುವಾಸಿ. ಮೊಜಾರ್ಟ್‌ನ ಹೆಂಡತಿ ಕಾನ್‌ಸ್ಟಾನ್ಸೆ ಆಗ ತುಂಬು ಬಸುರಿ, ಆರೋಗ್ಯ ಸುಧಾರಿಸಲಿ ಅಂತ ಅಲ್ಲಿ ಉಳಿದುಕೊಂಡಿದ್ದಳು. ಆ ಊರಿನ ಶಾಲಾ ಮೇಷ್ಟ್ರು ಆಂಟನ್ ಸ್ಟೋಲ್. ಸೇಂಟ್ ಸ್ಟೀಫನ್ ಚರ್ಚಿನ ಕ್ವಾಯರನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಹೆಂಡತಿಗೆ ಒಂದು ಸಣ್ಣ ಮನೆ ನೋಡಿಕೊಡಿ, ಎರಡು ಕೋಣೆ ಸಾಕು, ಆದರೆ ನೆಲಮಹಡಿಯಲ್ಲೇ ಇರಲಿ ಅಂತ ಮೊಜಾರ್ಟ್ ಅವರಿಗೆ ಕಾಗದ ಬರೆದಿದ್ದ. ಆ ಸ್ಟೋಲ್‌ಗಾಗಿಯೇ ಈ ಹಾಡು ಬರೆದದ್ದು. ಆ ವರ್ಷ ಕ್ರಿಸ್ತನ ದೇಹದ ಹಬ್ಬ, ಅಂದರೆ ಕೊರ್ಪುಸ್ ಕ್ರಿಸ್ತಿ, ಜೂನ್ 23ಕ್ಕೆ ಬಿದ್ದಿತ್ತು. ಹಾಡು ಮುಗಿದ ಆರನೇ ದಿನಕ್ಕೆ ಹಬ್ಬ.

ಹಾಡುವವರು ಊರಿನ ಚರ್ಚಿನ ಕ್ವಾಯರ್‌ನವರು. ರಾಜಧಾನಿಯ ಒಪೆರಾ ಗಾಯಕರಲ್ಲ. ಇದನ್ನು ಹಾಡುವಾಗ ನಾನು ಆ ಜನರನ್ನು ನೆನೆಸಿಕೊಳ್ಳುತ್ತೇನೆ. ನಮ್ಮ ಹಾಗೇ ದಿನದ ಕೆಲಸ ಮುಗಿಸಿ ಅಭ್ಯಾಸಕ್ಕೆ ಬಂದವರು ಅವರು.

ಮಾತುಗಳ ಅರ್ಥವೇನು?

ಇದು ಮಧ್ಯಯುಗದ ಲ್ಯಾಟಿನ್ ಸ್ತುತಿ. ಪೂಜೆಯಲ್ಲಿ ಪರಮಪ್ರಸಾದವನ್ನು ಮೇಲೆತ್ತುವ ಹೊತ್ತಿಗೆ ಸಂಬಂಧಿಸಿದ್ದು. ಸುಮಾರಾಗಿ ಹೀಗೆ ಹೇಳಬಹುದು.

ವಂದನೆ, ಕನ್ಯೆ ಮರಿಯಳಿಂದ ಹುಟ್ಟಿದ ನಿಜವಾದ ದೇಹವೇ. ಮನುಷ್ಯನಿಗಾಗಿ ಶಿಲುಬೆಯ ಮೇಲೆ ನಿಜವಾಗಿ ನೊಂದು ಬಲಿಯಾದ ದೇಹವೇ. ಇರಿದ ನಿನ್ನ ಪಕ್ಕೆಯಿಂದ ನೀರೂ ರಕ್ತವೂ ಹರಿದವು. ಸಾವಿನ ಪರೀಕ್ಷೆಯ ಹೊತ್ತಿನಲ್ಲಿ ನೀನು ನಮಗೆ ಮುಂಚಿತವಾಗಿ ಸಿಕ್ಕ ರುಚಿಯಾಗಿರು.

ಕೊನೆಯ ಸಾಲಿನ ‘ಪ್ರೇಗುಸ್ತಾತುಮ್’ ಅನ್ನುವ ಪದಕ್ಕೆ ಮುಂಚೆಯೇ ರುಚಿ ನೋಡಿದ್ದು ಅಂತ ಅರ್ಥ. ಹಬ್ಬದ ಅಡುಗೆ ಬಡಿಸುವ ಮೊದಲೇ ಅಮ್ಮ ಅಂಗೈಗೆ ಒಂದು ತುತ್ತು ಹಾಕಿದ ಹಾಗೆ. ಇಡೀ ಹಾಡಿನ ಭಾವ ಈ ಪದದಲ್ಲಿದೆ ಅಂತ ನನ್ನ ನಂಬಿಕೆ. ಮುಂದೆ ಮತ್ತೆ ಇದಕ್ಕೆ ಬರುತ್ತೇನೆ.

ಹಾಡಿನ ಕೀ ಯಾವುದು?

ಡಿ ಮೇಜರ್. ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಬಿಳಿ ಎರಡನ್ನು ಷಡ್ಜ ಮಾಡಿಕೊಂಡು ಹಾಡುವುದು.

ಹಾಗಾದರೆ ಇದು ಶಂಕರಾಭರಣವೇ?

ಮೇಜರ್ ಸ್ಕೇಲ್‌ನ ಏಳು ಸ್ವರಗಳೂ ಶಂಕರಾಭರಣದ ಏಳು ಸ್ವರಗಳೂ ಒಂದೇ. ಅಷ್ಟರ ಮಟ್ಟಿಗೆ ಹೌದು. ಆದರೆ ರಾಗ ಅಂದ ಕೂಡಲೇ ನಮ್ಮ ಗಂಟಲು ಗಮಕಕ್ಕೆ ಹೋಗುತ್ತದೆ. ಇಲ್ಲಿ ಅದು ಬೇಡ. ನಾಲ್ಕು ದನಿ ಒಟ್ಟಿಗೆ ನಿಂತು ಒಂದು ಕಾರ್ಡ್ ಆಗಬೇಕಾದರೆ ಪ್ರತಿಯೊಬ್ಬರ ಸ್ವರವೂ ಅಲುಗಾಡದೆ ನಿಲ್ಲಬೇಕು.

ಇನ್ನೊಂದು ವಿಷಯ. ಹಾಡು ಶುರುವಾದ ಕೂಡಲೇ, ಎರಡನೇ ‘ಆವೆ’ಯ ಹೊತ್ತಿಗೆ, ಸೊಪ್ರಾನೊ, ಅಂದರೆ ಹೆಂಗಸರ ಮೇಲುದನಿಯ ಸಾಲು, ಪಂಚಮದಿಂದ ಪ್ರತಿಮಧ್ಯಮಕ್ಕೆ, ಅಲ್ಲಿಂದ ಶುದ್ಧ ಮಧ್ಯಮಕ್ಕೆ ಅರ್ಧರ್ಧ ಸ್ವರ ಇಳಿಯುತ್ತದೆ. ಶಂಕರಾಭರಣದಲ್ಲಿ ಪ್ರತಿಮಧ್ಯಮ ಎಲ್ಲಿದೆ? ಆ ಒಂದು ಪರಕೀಯ ಸ್ವರದಲ್ಲಿ ಹಾಡಿನ ಬಣ್ಣ ಗೊತ್ತಾಗುತ್ತದೆ. ತಲೆ ಬಾಗಿಸಿ ನಮಸ್ಕರಿಸಿದ ಹಾಗೆ ಕೇಳುತ್ತದೆ. ಸಂಗೀತ ಕಲಿತವರು ಇಲ್ಲಿ ಜಾರು ಹಾಕಲು ಹೋಗುತ್ತಾರೆ. ದಯವಿಟ್ಟು ಬೇಡ. ಮೂರು ಮೆಟ್ಟಿಲನ್ನು ಒಂದೊಂದಾಗಿ ಇಳಿಯಿರಿ.

ಮಧ್ಯದಲ್ಲಿ ಕೀ ಬದಲಾದ ಹಾಗೆ ಅನಿಸುತ್ತದೆ. ನಿಜವಾ?

ನಿಜ. ಹಾಡಿನ ಜೀವವೇ ಅಲ್ಲಿರುವುದು. ನಿಧಾನವಾಗಿ ನೋಡೋಣ.

ಮೊದಲ ಸಾಲು ಡಿ ಮೇಜರ್‌ನಲ್ಲೇ ನೆಮ್ಮದಿಯಾಗಿ ಇರುತ್ತದೆ. ಎರಡನೇ ಸಾಲು, ‘ವೆರೆ ಪಾಸುಮ್’, ಶಿಲುಬೆಯ ಮಾತು ಆಡುತ್ತಾ ಎ ಮೇಜರ್‌ಗೆ ಹೋಗಿ ತಂಗುತ್ತದೆ. ಅಂದರೆ ಪಂಚಮವೇ ಹೊಸ ಷಡ್ಜ ಆಯಿತು. ಆ ಕಾಲದ ಸಂಗೀತದಲ್ಲಿ ಇದು ದಿನಾ ನಡೆಯುವ ದಾರಿ, ಯಾರಿಗೂ ಆಶ್ಚರ್ಯ ಆಗುವುದಿಲ್ಲ. ನೋವಿನ ಮಾತು ಬಂದರೂ ಸಂಗೀತ ಬೆಳಕಿನ ಕಡೆಗೇ ಹೋಗಿದೆ ಅನ್ನುವುದನ್ನು ಮಾತ್ರ ಗಮನಿಸಿ.

ಆಮೇಲೆ ವಾದ್ಯಗಳ ಒಂದು ಸಣ್ಣ ತುಣುಕು. ನಂತರ ‘ಕೂಯುಸ್ ಲಾತುಸ್ ಪೆರ್ಫೊರಾತುಮ್’, ಪಕ್ಕೆಯನ್ನು ಇರಿದ ಮಾತು. ಇಲ್ಲಿ ನೆಲ ಮೆಲ್ಲಗೆ ಸರಿಯುತ್ತದೆ. ಸಂಗೀತ ಎಫ್ ಮೇಜರ್ ಕಡೆಗೆ ಹೊರಳುತ್ತದೆ, ಡಿ ಮೈನರ್‌ನ ನೆರಳು ಬೀಳುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಷಡ್ಜ ಅದೇ ಬಿಳಿ ಎರಡಾಗಿದ್ದು, ಗಾಂಧಾರ, ಧೈವತ, ನಿಷಾದ ಮೂರೂ ಒಂದೊಂದು ಮೆಟ್ಟಿಲು ಕೆಳಗೆ ಬಂದವು. ಶಂಕರಾಭರಣದ ಮನೆಯಲ್ಲಿ ದೀಪ ಸಣ್ಣದಾಗಿ ನಠಭೈರವಿಯ ಸ್ವರಗಳು ಕಂಡವು ಅನ್ನಿ. ದೊಡ್ಡ ಗಾಂಧಾರ ಎಫ್ ಶಾರ್ಪ್ ಇದ್ದ ಕಡೆ ಸಣ್ಣ ಗಾಂಧಾರ ಎಫ್ ನ್ಯಾಚುರಲ್ ಕೇಳಿದ ಗಳಿಗೆಯಲ್ಲಿ, ಮಾತು ಗೊತ್ತಿಲ್ಲದವರಿಗೂ ಏನೋ ಆಯಿತು ಅಂತ ಗೊತ್ತಾಗುತ್ತದೆ.

ಇಷ್ಟಾದರೂ ಜೋರು ಇಲ್ಲ, ಅಬ್ಬರ ಇಲ್ಲ, ಗಾಯವನ್ನು ತೋರಿಸಿ ಅಳಿಸುವ ಪ್ರಯತ್ನ ಇಲ್ಲ. ‘ಎಸ್ತೊ ನೋಬಿಸ್’ ಅನ್ನುವ ಪ್ರಾರ್ಥನೆಗೆ ಬರುವಾಗ ಮತ್ತೆ ಡಿ ಮೇಜರ್‌ನ ಮನೆ. ಅಲ್ಲಿಯವರೆಗೆ ನಾಲ್ಕು ದನಿಯೂ ಒಟ್ಟಿಗೇ ಹೆಜ್ಜೆ ಹಾಕುತ್ತಿದ್ದವು. ಈಗ ಮೊದಲ ಸಲ ಬೇರೆಯಾಗುತ್ತವೆ. ಸೊಪ್ರಾನೊ ಮತ್ತು ಆಲ್ಟೊ ಮುಂದೆ ಹೋಗುತ್ತವೆ, ಗಂಡಸರ ದನಿಗಳಾದ ಟೆನರ್ ಮತ್ತು ಬಾಸ್ ಅದೇ ಮಾತನ್ನು ಹಿಡಿದು ಹಿಂದೆ ಬರುತ್ತವೆ. ಎಲ್ಲರೂ ಒಂದೇ ದನಿಯಲ್ಲಿ ವಂದಿಸಿದರು, ಬೇಡುವಾಗ ಒಬ್ಬರ ಹಿಂದೆ ಒಬ್ಬರು ಬಂದರು. ಪರಮಪ್ರಸಾದಕ್ಕೆ ಸಾಲು ನಿಂತ ಜನ ನನಗೆ ಪ್ರತಿ ಸಲವೂ ಕಣ್ಣಮುಂದೆ ಬರುತ್ತಾರೆ.

‘ಅಡಾಜಿಯೊ’ ಅಂತ ಬರೆದಿದೆ. ಎಷ್ಟು ನಿಧಾನ ಹಾಡಬೇಕು?

ಜಗಳ ಜಾಸ್ತಿ ಆಗುವುದು ಈ ಪ್ರಶ್ನೆಗೇ. ಮೊಜಾರ್ಟ್ ಅಂಕಿ ಬರೆದಿಲ್ಲ. ಬರೆಯುವುದಕ್ಕೆ ವೇಗ ಅಳೆಯುವ ಯಂತ್ರ ಮೆಟ್ರೊನೋಮೇ ಇರಲಿಲ್ಲ. ಮೆಲ್ಟ್ಸೆಲ್ ಅದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದು 1815ರಲ್ಲಿ, ಮೊಜಾರ್ಟ್ ತೀರಿಕೊಂಡು 24 ವರ್ಷ ಆದ ಮೇಲೆ.

ನಮಗೆ ಎರಡು ಸುಳಿವು ಇವೆ. ಒಂದು ‘ಅಡಾಜಿಯೊ’ ಅನ್ನುವ ಪದ, ಅಂದರೆ ಆರಾಮವಾಗಿ, ನಿಧಾನವಾಗಿ. ಇನ್ನೊಂದು ತಾಳದ ಗುರುತು. ಸ್ವರ ಬರೆಯುವ ಐದು ಗೆರೆಗಳ, ಅಂದರೆ ಸ್ಟಾಫಿನ, ಆರಂಭದಲ್ಲಿ ಸಿ ಅಕ್ಷರದ ಮೇಲೆ ನೇರ ಗೆರೆ ಎಳೆದ ಹಾಗೆ ಇದೆಯಲ್ಲ, ಅದು. ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ನಾಲ್ಕು ಎಣಿಸಬೇಡ, ಎರಡು ಎಣಿಸು ಅಂತ ಅದರ ಅರ್ಥ. ಜನ ಮೊದಲನೆಯದನ್ನು ನೋಡಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಆಗ ನಾಲ್ಕು ನಿಧಾನದ ಪೆಟ್ಟು ಬೀಳುತ್ತದೆ. ಹಾಡು ಎಳೆದಾಡಿ, ಒದ್ದೆ ಬಟ್ಟೆಯ ಹಾಗೆ ಭಾರವಾಗುತ್ತದೆ.

ಲೆಕ್ಕ ಹಾಕಿ ನೋಡಿ. ಹಾಡಿನಲ್ಲಿ ಒಟ್ಟು 46 ಬಾರ್. ಬಾರ್‌ಗೆ ಎರಡು ಅಂದರೆ 92 ಎಣಿಕೆ. ಮೂರು ನಿಮಿಷದಲ್ಲಿ ಮುಗಿಸಿದರೆ ನಿಮಿಷಕ್ಕೆ ಸುಮಾರು 31 ಎಣಿಕೆ. ನಾಲ್ಕು ನಿಮಿಷ ತೆಗೆದುಕೊಂಡರೆ 23. ಎರಡೂವರೆ ನಿಮಿಷಕ್ಕೆ ಮುಗಿಸಿದರೆ 37. ಈಗ ಉಸಿರಿನ ಲೆಕ್ಕ. ‘ಆವೆ, ಆವೆ ವೆರುಮ್ ಕೊರ್ಪುಸ್’ ನಾಲ್ಕು ಬಾರ್ ತೆಗೆದುಕೊಳ್ಳುತ್ತದೆ, ಅಂದರೆ ಎಂಟು ಎಣಿಕೆ. ನಿಮಿಷಕ್ಕೆ 31 ಇದ್ದರೆ ಅದು ಹದಿನೈದು ಸೆಕೆಂಡಿನ ಮಾತು. 23ಕ್ಕೆ ಇಳಿಸಿದರೆ ಇಪ್ಪತ್ತು ಸೆಕೆಂಡ್ ದಾಟುತ್ತದೆ. ದಿನವಿಡೀ ಆಫೀಸಿನಲ್ಲಿ ಕೂತು ಸಂಜೆ ಬಂದ ನಮ್ಮಂಥವರ ಎದೆಯಲ್ಲಿ, ಅದೂ ಮೆಲುದನಿಯಲ್ಲಿ, ಅಷ್ಟು ಉಸಿರು ಎಲ್ಲಿಂದ ಬರಬೇಕು?

ಹಾಗಾಗಿ ನನ್ನ ಉತ್ತರ ಹೀಗೆ. ಮೂರು ನಿಮಿಷದ ಆಸುಪಾಸು ಇರಲಿ. ನಿಮ್ಮ ಕ್ವಾಯರ್ ಆ ಮೊದಲ ಸಾಲನ್ನು ಒಂದೇ ಉಸಿರಿನಲ್ಲಿ, ಒದ್ದಾಡದೆ ಹಾಡಬಲ್ಲ ವೇಗ ಯಾವುದೋ ಅದೇ ಸರಿಯಾದ ವೇಗ. ದೊಡ್ಡ ಕಲ್ಲಿನ ಚರ್ಚಿನಲ್ಲಿ ದನಿ ಗುಂಯ್‌ಗುಡುತ್ತದೆ. ಅಲ್ಲಿ ಸ್ವಲ್ಪ ನಿಧಾನ ಮಾಡಿದರೆ ಚಂದ. ಫ್ಯಾನ್ ತಿರುಗುವ, ಕಾರ್ಪೆಟ್ ಹಾಸಿದ ಹಾಲ್‌ನಲ್ಲಿ ಸ್ವಲ್ಪ ಮುಂದೆ ನಡೆಯಿರಿ.

ಅಭ್ಯಾಸದಲ್ಲಿ ನಾಲ್ಕು ಎಣಿಸಿಕೊಂಡು ಕಲಿಯಬಹುದಾ?

ಕಲಿಯಿರಿ, ತಪ್ಪೇನಿಲ್ಲ. ಸ್ವರ ಗಟ್ಟಿಯಾದ ಮೇಲೆ ಎರಡಕ್ಕೆ ಬನ್ನಿ. ನಾನು ಹೊಸಬರಿಗೆ ಹೇಳುವ ಉಪಾಯ ಒಂದಿದೆ. ಹಾಡುತ್ತಾ ಕೋಣೆಯಲ್ಲಿ ನಡೆಯಿರಿ, ಪ್ರತಿ ಬಾರ್‌ಗೆ ಎರಡೇ ಹೆಜ್ಜೆ. ಮೆರವಣಿಗೆಯಲ್ಲಿ ಮೇಣದಬತ್ತಿ ಆರದ ಹಾಗೆ ಹಿಡಿದು ನಡೆಯುತ್ತೀರಲ್ಲ, ಆ ನಡಿಗೆ.

‘ಸೊತ್ತೊ ವೋಚೆ’ ಅಂದರೆ ಏನು?

ದನಿ ತಗ್ಗಿಸಿ ಅಂತ ಅರ್ಥ. ಮೊಜಾರ್ಟ್ ತನ್ನ ಕೈಬರಹದ ಪ್ರತಿಯಲ್ಲಿ ಶುರುವಿನಲ್ಲೇ ಇದನ್ನು ಬರೆದಿದ್ದಾನೆ. ಜೋರು, ಮೆಲ್ಲಗೆ ಅನ್ನುವ ಸೂಚನೆ ಇದೊಂದೇ. ಅಚ್ಚಾದ ಕೆಲವು ಪ್ರತಿಗಳಲ್ಲಿ ಸಾಲು ಸಾಲಿಗೆ ಏರಿಳಿತದ ಗುರುತು ಕಂಡರೆ, ಅವು ಆಮೇಲೆ ಬೇರೆಯವರು ಸೇರಿಸಿದವು.

ದನಿ ತಗ್ಗಿಸುವುದು ಅಂದರೆ ಪಿಸುಗುಟ್ಟುವುದಲ್ಲ. ಮಗು ಮಲಗಿರುವ ಕೋಣೆಯಲ್ಲಿ ಮಾತಾಡುತ್ತೀರಲ್ಲ, ಹಾಗೆ. ಮಾತು ಸ್ಪಷ್ಟ, ಉಸಿರು ಪೂರ್ತಿ, ದನಿ ಮಾತ್ರ ಸಣ್ಣದು.

ಇದು ದುಃಖದ ಹಾಡಾ, ಸಮಾಧಾನದ ಹಾಡಾ?

ಹಿಂದೊಮ್ಮೆ ಒಂದು ಶವಸಂಸ್ಕಾರದ ಪೂಜೆಯಲ್ಲಿ ನಾವು ಇದನ್ನು ಹಾಡಿದೆವು. ತೀರಿಕೊಂಡವರು ನಮ್ಮಲ್ಲೇ ಬಾಸ್ ಹಾಡುತ್ತಿದ್ದ ಹಿರಿಯರು. ಎಲ್ಲರ ಗಂಟಲೂ ಕಟ್ಟಿತ್ತು. ನಾವು ಅಳುವಿನ ಕಡೆಗೇ ಎಳೆದೆವು, ಪ್ರತಿ ಸಾಲಿನ ಕೊನೆಯಲ್ಲೂ ನಿಂತೆವು. ಐದು ನಿಮಿಷ ಆಯಿತು. ಕೊನೆಗೆ ಬರುವಷ್ಟರಲ್ಲಿ ಶ್ರುತಿ ಮುಕ್ಕಾಲು ಸ್ವರ ಇಳಿದಿತ್ತು, ಆರ್ಗನ್ ಸೇರಿದಾಗ ಕಿವಿಗೆ ಚುಚ್ಚಿತು. ಆ ದಿನ ಅವರ ಮನೆಯವರಿಗೆ ನಾವು ಕೊಡಬೇಕಾಗಿದ್ದನ್ನು ಕೊಡಲಿಲ್ಲ ಅನ್ನುವ ನೋವು ನನಗೆ ಇವತ್ತೂ ಇದೆ.

ಆಮೇಲೆ ಮಾತುಗಳನ್ನು ಮತ್ತೆ ಓದಿದೆ. ಸಾವಿನ ಮಾತು ಬರುವುದು ಕೊನೆಗೆ. ‘ಇನ್ ಮೋರ್ತಿಸ್ ಎಗ್ಸಾಮಿನೆ’, ಸಾವಿನ ಪರೀಕ್ಷೆಯಲ್ಲಿ. ಮೊಜಾರ್ಟ್ ಈ ಪದಗಳನ್ನು ಎರಡನೇ ಸಲ ಹಾಡಿಸುತ್ತಾನೆ, ‘ಮೋರ್ತಿಸ್’ ಅನ್ನು ಉದ್ದ ಎಳೆಯುತ್ತಾನೆ. ಹಾಡಿನ ಬಿಗಿ ಏರುವುದು ಅಲ್ಲೇ. ಆದರೆ ಬಂದು ನಿಲ್ಲುವುದು ಶುರುವಾದ ಡಿ ಮೇಜರ್‌ಗೇ. ಡಿ ಮೈನರ್ ಅವನಿಗೆ ಗೊತ್ತಿರಲಿಲ್ಲವಾ? ಅದೇ ವರ್ಷ ಶುರು ಮಾಡಿದ, ಸತ್ತವರಿಗಾಗಿ ಹಾಡುವ ಪೂಜೆ ರಿಕ್ವಿಯಂ ಡಿ ಮೈನರ್‌ನಲ್ಲೇ ಇದೆ. ಷಡ್ಜ ಒಂದೇ, ಗಾಂಧಾರ ಬೇರೆ. ಇಲ್ಲಿ ಬೇಕಂತಲೇ ದೊಡ್ಡ ಗಾಂಧಾರವನ್ನು ಹಿಡಿದಿದ್ದಾನೆ ಅಂತ ನನಗೆ ಅನಿಸುತ್ತದೆ. ಮುಂಚಿತವಾಗಿ ಸಿಕ್ಕ ರುಚಿ ಅಂದೆನಲ್ಲ, ಅದು ಬಾಯಿಗೆ ಬಿದ್ದಾಗಿದೆ. ಹಾಗಿದ್ದಾಗ ಸಾವಿನ ಮಾತನ್ನು ಹೆದರದೆ ಹಾಡಬಹುದು.

ಆದ್ದರಿಂದ ಭಾವವನ್ನು ಮೇಲಿಂದ ಹಚ್ಚಬೇಡಿ. ಮುಖದಲ್ಲಿ ದುಃಖ, ದನಿಯಲ್ಲಿ ನಡುಕ ಬೇಡ. ವೇಗ ಬಿಡದೆ, ಶ್ರುತಿ ಬಿಡದೆ, ದನಿ ಏರಿಸದೆ ಹಾಡಿ. ಕೇಳುವವರಲ್ಲಿ ಅಳುವವರು ಅಳುತ್ತಾರೆ. ಅವರು ಅಳುವಾಗ ನಾವು ಗಟ್ಟಿಯಾಗಿ ನಿಂತಿರಬೇಕು, ಅಲ್ವಾ?

ಇದನ್ನು ಬರೆಯುವಾಗ ಮೊಜಾರ್ಟ್‌ಗೆ ತನ್ನ ಸಾವು ಗೊತ್ತಿತ್ತಾ?

ಹಾಗೆ ಹೇಳುವುದು ಕೇಳಲು ಚಂದ, ಆದರೆ ತಾರೀಖುಗಳನ್ನು ನೋಡಿ. ಅವನು ತೀರಿಕೊಂಡದ್ದು 1791ರ ಡಿಸೆಂಬರ್ 5ಕ್ಕೆ, ಈ ಹಾಡು ಬರೆದು ಐದೂವರೆ ತಿಂಗಳ ನಂತರ. ಜೂನ್‌ನಲ್ಲಿ ಅವನ ಕೈತುಂಬಾ ಕೆಲಸ ಇತ್ತು. ‘ಮ್ಯಾಜಿಕ್ ಫ್ಲೂಟ್’ ಒಪೆರಾ ಬರೆಯುತ್ತಿದ್ದ, ಸೆಪ್ಟೆಂಬರ್ 30ಕ್ಕೆ ಅದು ರಂಗಕ್ಕೆ ಬಂತು. ಜುಲೈ 26ಕ್ಕೆ ಗಂಡುಮಗು ಹುಟ್ಟಿತು. ಮಗುವಿಗೆ ಕಾಯುತ್ತಿದ್ದ ಅಪ್ಪನೊಬ್ಬ, ‘ಮರಿಯಳಿಂದ ಹುಟ್ಟಿದ ದೇಹವೇ’ ಅನ್ನುವ ಸಾಲಿಗೆ ಸ್ವರ ಹಾಕಿದ ಅಂತ ಯೋಚಿಸುವುದು ನನಗೆ ಹೆಚ್ಚು ಇಷ್ಟ.

ಹಾಡುತ್ತಾ ಹಾಡುತ್ತಾ ನಮ್ಮ ಶ್ರುತಿ ಇಳಿಯುತ್ತದೆ. ಏನು ಮಾಡುವುದು?

ಮೂರು ಜಾಗ ನೋಡಿಕೊಳ್ಳಿ. ಆಗ ಹೇಳಿದ ಪಂಚಮದಿಂದ ಇಳಿಯುವ ಅರ್ಧ ಸ್ವರಗಳು ಮೊದಲನೆಯದು. ಜನ ಅರ್ಧಕ್ಕಿಂತ ಜಾಸ್ತಿ ಇಳಿದುಬಿಡುತ್ತಾರೆ. ಇಳಿಯುವಾಗ ಮನಸ್ಸಿನಲ್ಲಿ ಮೇಲಕ್ಕೆ ಹಿಡಿಯಿರಿ. ಎರಡನೆಯದು, ಒಂದೇ ಸ್ವರ ಮತ್ತೆ ಮತ್ತೆ ಬರುವ ಕಡೆಗಳು. ಒಳದನಿಗಳಿಗೆ, ಅಂದರೆ ಆಲ್ಟೊ ಮತ್ತು ಟೆನರ್‌ಗೆ ಇದು ಜಾಸ್ತಿ. ಪ್ರತಿ ಸಲವೂ ಹೊಸದಾಗಿ ಹಾಡಿದ ಹಾಗೆ ಹಾಡಬೇಕು. ಮೂರನೆಯದು ಗಾಂಧಾರ, ಎಫ್ ಶಾರ್ಪ್. ಎಫ್ ಮೇಜರ್‌ನ ಸುತ್ತು ಮುಗಿಸಿ ವಾಪಸ್ ಬಂದಾಗ ಇದು ಸೋತ ಹಾಗೆ ಕೇಳುತ್ತದೆ. ತಂಬೂರಿ ಆ್ಯಪ್‌ನಲ್ಲಿ ಡಿ ಹಾಕಿಕೊಂಡು ಆ ಎರಡು ಗಾಂಧಾರಗಳನ್ನೂ ಒಂದರ ಹಿಂದೆ ಒಂದು ಹಾಡಿ ನೋಡಿ. ನಮ್ಮ ಅಭ್ಯಾಸದಲ್ಲಿ ಇದರಿಂದ ಆದಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗಲಿಲ್ಲ.

ಇವೆಲ್ಲದರ ಹಿಂದೆ ಇರುವುದು ಉಸಿರು. ವೇಗ ತೀರಾ ನಿಧಾನವಾದರೆ ಉಸಿರು ಸಾಲದು, ಉಸಿರು ಸಾಲದಿದ್ದರೆ ಶ್ರುತಿ ಇಳಿಯುತ್ತದೆ.

ಸಿ ಮೇಜರ್‌ಗೆ ಇಳಿಸಿ ಹಾಡಬಹುದಾ?

ಅಗತ್ಯ ಬೀಳುವುದಿಲ್ಲ. ಈ ಹಾಡು ಯಾವ ದನಿಯನ್ನೂ ತುದಿಯವರೆಗೆ ತಳ್ಳುವುದಿಲ್ಲ. ಇಳಿಸಿದರೆ ಬಾಸ್‌ನವರಿಗೆ ಕಷ್ಟ, ಬಣ್ಣವೂ ಮಬ್ಬು. ಹಳೆಯ ವಾದ್ಯಗಳಲ್ಲಿ ನುಡಿಸುವ ತಂಡಗಳು ಎ ಸ್ವರವನ್ನು 440 ಹರ್ಟ್ಸ್ ಬದಲು 430ರ ಆಸುಪಾಸು ಇಟ್ಟುಕೊಳ್ಳುತ್ತವೆ. ಅಂಥ ರೆಕಾರ್ಡಿಂಗ್ ಕೇಳಿ ಕಲಿತವರಿಗೆ ನಮ್ಮ ಆರ್ಗನ್ ಸ್ವಲ್ಪ ಮೇಲೆ ಅನಿಸಬಹುದು. ಎರಡು ದಿನದಲ್ಲಿ ಒಗ್ಗಿಹೋಗುತ್ತದೆ.

ಪಿಟೀಲು ಇಲ್ಲದೆ, ಬರೀ ಕೀಬೋರ್ಡ್ ಸಾಕಾ?

ಮೂಲದಲ್ಲಿ ತಂತಿವಾದ್ಯಗಳು ಮತ್ತು ಆರ್ಗನ್ ಇವೆ. ಬರೀ ಆರ್ಗನ್ ಇದ್ದರೂ ನಡೆಯುತ್ತದೆ. ಕೀಬೋರ್ಡ್‌ನಲ್ಲಿ ಪಿಯಾನೊ ದನಿ ಬೇಡ, ಹೊಡೆದ ಸ್ವರ ಆರಿಹೋಗುತ್ತದೆ. ಆರ್ಗನ್ ಅಥವಾ ಸ್ಟ್ರಿಂಗ್ಸ್ ದನಿ ಇಟ್ಟುಕೊಳ್ಳಿ. ನಡುಕದ ಎಫೆಕ್ಟ್ ಆಫ್ ಮಾಡಿ.

ಲ್ಯಾಟಿನ್ ಹೇಗೆ ಉಚ್ಚರಿಸಬೇಕು?

ನಮ್ಮ ಚರ್ಚ್‌ಗಳಲ್ಲಿ ಇಟಲಿಯ ರೀತಿ ರೂಢಿ. ‘ಇನ್ ಕ್ರೂಚೆ’, ‘ವಿರ್ಜಿನೆ’, ‘ಓಮಿನೆ’. ಜರ್ಮನ್ ರೀತಿಯಲ್ಲಿ ‘ಕ್ರೂತ್ಸೆ’, ‘ವಿರ್ಗಿನೆ’ ಆಗುತ್ತದೆ. ಯಾವುದಾದರೂ ಸರಿ, ಎಲ್ಲರೂ ಒಂದೇ ಹೇಳಿ. ಕನ್ನಡದವರಿಗೆ ಸ್ವರಾಕ್ಷರ ಶುದ್ಧವಾಗಿ ಬರುತ್ತದೆ, ಅದು ನಮ್ಮ ಭಾಗ್ಯ. ‘ವೆರುಮ್’ನ ಮಕಾರವನ್ನು ಬೇಗ ಮುಚ್ಚಬೇಡಿ. ತುಟಿ ಮುಚ್ಚಿದರೆ ದನಿಯೂ ಮುಚ್ಚಿತು.

ಬೇರೆ ಯಾರಾದರೂ ಇದೇ ಮಾತುಗಳಿಗೆ ಸ್ವರ ಹಾಕಿದ್ದಾರಾ?

ತುಂಬಾ ಜನ. ಇಂಗ್ಲೆಂಡಿನ ವಿಲಿಯಂ ಬರ್ಡ್ 1605ರಲ್ಲಿ ಅಚ್ಚು ಮಾಡಿಸಿದ್ದನ್ನು ಖಂಡಿತ ಕೇಳಿ. ಅದು ಮೈನರ್ ಛಾಯೆಯದು. ಅಲ್ಲಿ ನೋವು ಹೊರಗೇ ಕಾಣುತ್ತದೆ. ಎರಡನ್ನೂ ಒಂದೇ ಸಂಜೆ ಕೇಳಿದರೆ, ಒಂದೇ ಮಾತಿಗೆ ಕೀ ಏನು ಮಾಡಬಲ್ಲದು ಅಂತ ಕಿವಿಗೇ ಗೊತ್ತಾಗುತ್ತದೆ. ಮೊಜಾರ್ಟ್‌ನ ಹಾಡನ್ನು ಸಂಗೀತ ರಚನಕಾರ ಲಿಸ್ಟ್ ತನ್ನ ಒಂದು ಕೃತಿಯೊಳಗೆ ತಂದ. ಅದನ್ನು ನೋಡಿಕೊಂಡು ಚೈಕೋವ್‌ಸ್ಕಿ 1887ರಲ್ಲಿ ‘ಮೊಜಾರ್ಟಿಯಾನಾ’ ಅನ್ನುವ ಆರ್ಕೆಸ್ಟ್ರಾ ಕೃತಿಯ ಒಂದು ಭಾಗ ಮಾಡಿದ. ಇಂಪಾಗಿದೆ. ಆದರೂ ನನಗೆ ಊರಿನ ಕ್ವಾಯರ್‌ಗೆ ಬರೆದ ಮೂಲವೇ ಸಾಕು.

ಕೊನೆಯಲ್ಲಿ ವಾದ್ಯ ಮಾತ್ರ ನುಡಿಯುವ ತುಣುಕನ್ನು ಬಿಡಬಹುದಾ?

ಬಿಡಬೇಡಿ. ಶುರುವಿನ ಎರಡು ಬಾರ್ ಶ್ರುತಿ ಕೊಡುವುದಕ್ಕೆ ಇರುವ ಹಾಗೆ, ಕೊನೆಯ ಆ ಕೆಲವು ಬಾರ್ ಜನರನ್ನು ಮೌನಕ್ಕೆ ಕರೆದುಕೊಂಡು ಹೋಗುವುದಕ್ಕೆ ಇವೆ. ಆಗ ಪುಟ ತಿರುಗಿಸಬೇಡಿ, ಫೈಲ್ ಮುಚ್ಚಬೇಡಿ, ಕೂರಬೇಡಿ. ಕೊನೆಯ ಕಾರ್ಡ್ ಪೂರ್ತಿ ಆರುವವರೆಗೆ ಹಾಡುತ್ತಿದ್ದ ಹಾಗೇ ನಿಂತಿರಿ.